ಕುರಿಗೆ ನೀರು ಕೊಡದ ಗಂಡು

ನಮ್ಮ ಚರ್ಚಿನ ಪಾದ್ರಿ ಅಯ್ಯನವರಿಗೆ ಎರಡು ಊರಿನ ಸಭೆ. ಭಾನುವಾರ ಬೆಳಿಗ್ಗೆ ಶಿಕಾರಿಪುರದಲ್ಲಿ ಆರಾಧನೆ ನಡೆಸಿ, ನಮ್ಮವರಲ್ಲಿ ಯಾರಾದರೊಬ್ಬರ ಮನೆಯಲ್ಲಿ ಊಟ ಮಾಡಿ, ಮಧ್ಯಾಹ್ನ ಹಳೆಯ ಬೈಕಿನ ಹಿಂದೆ ತಮ್ಮ ಹೆಂಡತಿಯನ್ನು ಕೂರಿಸಿಕೊಂಡು ಸೊರಬಕ್ಕೆ ಹೊರಡುತ್ತಾರೆ. ಅಲ್ಲಿ ಸಂಜೆಯ ಆರಾಧನೆ. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮನವರು ಎನ್ನುತ್ತೇವೆ. ಅಯ್ಯನವರ ಜೊತೆ ಪ್ರಸಂಗ ಹೋಗುತ್ತದೆ, ಅಮ್ಮನವರ ಜೊತೆ ಸುದ್ದಿ ಹೋಗುತ್ತದೆ. ಸುದ್ದಿ ಎಂದರೆ ಅವರಿಗೆ ಬೇಸರ. ಅದನ್ನು ಪ್ರಾರ್ಥನಾ ವಿಷಯ ಎನ್ನಬೇಕು. ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗ ಕುಡಿಯುತ್ತಾನೆ, ಯಾರ ಮಗಳಿಗೆ ವಯಸ್ಸು ಮೀರುತ್ತಿದೆ, ಎಲ್ಲವನ್ನೂ ಅವರು ಕಣ್ಣು ಮುಚ್ಚಿ ಗಟ್ಟಿಯಾಗಿ ದೇವರಿಗೆ ತಿಳಿಸುತ್ತಾರೆ. ಪಕ್ಕದಲ್ಲಿ ಕೂತವರ ಕಿವಿಗೂ ಬಿದ್ದರೆ ಅವರೇನು ಮಾಡಲಾದೀತು. ವಯಸ್ಸು ಮೀರುತ್ತಿದ್ದ ಮಗಳು ನಾನೇ.

ನಾನು ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಅಪ್ಪ ಪಶು ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ, ನಾನು ಮತ್ತು ಒಂದು ಕುಂಟು ಕುರಿ. ಮರಿಯಾಗಿದ್ದಾಗ ಕಾಲು ಮುರಿದುಕೊಂಡು ಆಸ್ಪತ್ರೆಗೆ ಬಂದಿತ್ತಂತೆ. ಕುರಿ ಕಾಯುವವರು ಮಂದೆ ಹೊಡೆದುಕೊಂಡು ಮುಂದೆ ಹೋದರು, ಇದು ಅಪ್ಪನ ಹಿಂದೆ ನಮ್ಮನೆಗೆ ಬಂತು.

ಊರಿನಲ್ಲಿ ನಮ್ಮವರ ಮನೆಗಳು ಕಡಿಮೆ. ಯುಗಾದಿಗೆ ಅಕ್ಕಪಕ್ಕದವರು ಹೋಳಿಗೆ ಕೊಡುತ್ತಾರೆ, ಕ್ರಿಸ್ಮಸ್ಸಿಗೆ ನಾವು ಕೇಕು, ಕರ್ಜಿಕಾಯಿ ಕೊಡುತ್ತೇವೆ. ಆ ವಿಷಯದಲ್ಲಿ ಯಾವ ಕೊರತೆಯೂ ಇಲ್ಲ. ಮದುವೆಯ ಮಾತು ಬಂದಾಗ ಮಾತ್ರ ಇಷ್ಟು ದೊಡ್ಡ ಊರು ಇದ್ದಕ್ಕಿದ್ದ ಹಾಗೆ ಖಾಲಿಯಾಗುತ್ತದೆ. ಹೋಗಲಿ, ಹೆಸರಿಗೆ ಕ್ರೈಸ್ತನಾದರೆ ಸಾಕೇ ಎಂದರೆ ಅದೂ ಸಾಲದು. ದೇವರ ಭಯ ಇರುವವನನ್ನು ನೋಡಿ ಮಾಡಿಕೋ ಎಂದು ಅಮ್ಮ ಆಸ್ಪತ್ರೆಯ ಮಂಚದಲ್ಲಿ ಮಲಗಿ ಹೇಳಿದ್ದಳು. ಹೇಗೆ ನೋಡುವುದು ಎಂದು ಹೇಳಿರಲಿಲ್ಲ. ನನ್ನ ಲ್ಯಾಬಿನಲ್ಲಿ ಪರೀಕ್ಷೆಯ ಪಟ್ಟಿಯ ಮೇಲೆ ಒಂದು ಹನಿ ರಕ್ತ ಬಿದ್ದರೆ ಸಕ್ಕರೆ ಎಷ್ಟಿದೆ ಎಂದು ಗೊತ್ತಾಗುತ್ತದೆ. ದೇವರ ಭಯ ಎಷ್ಟಿದೆ ಎಂದು ನೋಡುವ ಪಟ್ಟಿ ಯಾವ ಕಂಪನಿಯೂ ಮಾಡಿಲ್ಲ.

ಒಮ್ಮೆ ಮೋಸ ಹೋಗುವುದರಲ್ಲಿದ್ದೆ. ಆತ ಶಿವಮೊಗ್ಗದವನು. ಕೀಬೋರ್ಡ್ ನುಡಿಸುತ್ತಿದ್ದ, ಚೆನ್ನಾಗಿ ಹಾಡುತ್ತಿದ್ದ. ಅವನು ಪ್ರಾರ್ಥನೆಗೆ ನಿಂತರೆ ಹೆಂಗಸರ ಸಾಲಿನಲ್ಲಿ ಮೂಗು ಒರೆಸಿಕೊಳ್ಳುವ ಸದ್ದು ಕೇಳುತ್ತಿತ್ತು. ನೋಡಲು ಬಂದ ಮೊದಲ ದಿನವೇ, "ದೇವರು ನನಗೆ ತಿಳಿಸಿದ್ದಾರೆ, ನೀವೇ ಅಂತ" ಎಂದ. ಸುಳ್ಳು ಯಾಕೆ ಹೇಳಲಿ, ನನಗೆ ಮೈ ಜುಮ್ಮೆಂದಿತ್ತು. ಆಮೇಲೆ ದೇವರು ಅವನಿಗೆ ದಿನಕ್ಕೊಂದು ತಿಳಿಸತೊಡಗಿದರು. ನಾನು ಲ್ಯಾಬಿನ ಕೆಲಸ ಬಿಡಬೇಕು ಎಂದು ತಿಳಿಸಿದರು. ಅಪ್ಪ ನಮ್ಮ ಜೊತೆ ಇರುವುದು ಬೇಡ ಎಂದು ತಿಳಿಸಿದರು. ನಿಶ್ಚಿತಾರ್ಥದ ಸೀರೆ ತರಲು ಶಿವಮೊಗ್ಗದ ಅಂಗಡಿಗೆ ಹೋದಾಗ ಸೀರೆಯ ಬಣ್ಣವನ್ನೂ ದೇವರೇ ತಿಳಿಸಿಬಿಟ್ಟಿದ್ದರು.

"ನನಗೇನೂ ತಿಳಿಸಿಲ್ಲವಲ್ಲ" ಎಂದೆ.

"ನಿಮ್ಮ ಕಿವಿ ಇನ್ನೂ ತೆರೆದಿಲ್ಲ" ಎಂದು ನಕ್ಕ. ಅಂಗಡಿಯವನೂ ಜೊತೆಗೆ ನಕ್ಕ. ನಾನು ಸೀರೆಯನ್ನು ಅಲ್ಲೇ ಬಿಟ್ಟು ಬಸ್ ಹತ್ತಿದೆ.

ಆ ಮದುವೆ ಮುರಿದುಬಿತ್ತು. ಆಮೇಲೆ ತಿಂಗಳುಗಟ್ಟಲೆ ಸಭೆಯಲ್ಲಿ ನನ್ನನ್ನು ದೇವರ ಚಿತ್ತ ಒದ್ದು ಬಂದವಳು ಎನ್ನುವ ಹಾಗೆ ನೋಡಿದರು. ಅದಕ್ಕಿಂತ ಹೆಚ್ಚಾಗಿ ನನ್ನೊಳಗೆ ಒಂದು ಹೆದರಿಕೆ ಕೂತುಬಿಟ್ಟಿತು. ಕುಡುಕನಿಗೆ ಹೆದರಬಹುದು, ಹೊಡೆಯುವವನಿಗೆ ಹೆದರಬಹುದು, ಅವರ ಮೇಲೆ ಅಪ್ಪನ ಹತ್ತಿರ ದೂರು ಹೇಳಬಹುದು. ದೇವರ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸುವವನ ಮೇಲೆ ಯಾರ ಹತ್ತಿರ ದೂರು ಹೇಳುವುದು? ನಾನು ಪ್ರಾರ್ಥಿಸುವ ದೇವರನ್ನೇ ಅವನು ತನ್ನ ಕಡೆ ಎಳೆದುಕೊಂಡು ಕೂತಿರುತ್ತಾನೆ. ಇನ್ನು ಮೇಲೆ ಯಾವ ಗಂಡಿನ ಬಾಯಿಮಾತನ್ನೂ ನಂಬಬಾರದು ಎಂದು ತೀರ್ಮಾನಿಸಿದೆ.

ಅಷ್ಟರಲ್ಲಿ ಸೊರಬದ ಸಂಬಂಧ ಬಂತು. ಹುಡುಗ ಜಮೀನು ಅಳೆಯುವ ಸರ್ವೆ ಕೆಲಸದವರು. ತಂದೆ ಇಲ್ಲ, ತಾಯಿ ಇದ್ದಾರೆ, ಅಲ್ಲಿನ ಸಭೆಯಲ್ಲಿ ಇಬ್ಬರಿಗೂ ಒಳ್ಳೆಯ ಹೆಸರಿದೆ ಎಂದರು ಅಯ್ಯನವರು. ಒಳ್ಳೆಯ ಹೆಸರು ಶಿವಮೊಗ್ಗದವನಿಗೂ ಇತ್ತು.

ಚಿಕ್ಕವಳಿದ್ದಾಗ ಸಂಡೇ ಸ್ಕೂಲಿನಲ್ಲಿ ಒಂದು ಕತೆ ಕೇಳಿದ್ದೆ. ಯಜಮಾನನ ಮಗನಿಗೆ ಹೆಣ್ಣು ಹುಡುಕಲು ಹೋದ ಸೇವಕನೊಬ್ಬ ಒಂಟೆಗಳ ಜೊತೆ ಬಾವಿಯ ಬಳಿ ನಿಂತು ದೇವರಿಗೆ ಒಂದು ಗುರುತು ಕೇಳುತ್ತಾನೆ. ತನಗೆ ನೀರು ಕೊಟ್ಟು, ಕೇಳದೆಯೇ ಒಂಟೆಗಳಿಗೂ ನೀರು ಹಾಕುವ ಹುಡುಗಿಯೇ ಆ ಹೆಣ್ಣಾಗಿರಲಿ ಎನ್ನುತ್ತಾನೆ. ನನಗೂ ಅಂಥದ್ದೇ ಬೇಕಿತ್ತು. ಬಾಯಿಯಿಂದ ಆಡಲಾಗದ, ನಟಿಸಲಾಗದ ಒಂದು ಗುರುತು. ನಮ್ಮೂರಲ್ಲಿ ಒಂಟೆ ಎಲ್ಲಿಂದ ತರಲಿ, ಅಂಗಳದಲ್ಲಿ ಕುರಿ ಇತ್ತು. ಅದರ ಮುಂದೆ ಖಾಲಿ ಬಕೆಟ್ ಇಡುತ್ತೇನೆ. ನನ್ನ ಕೈಯಿಂದ ನೀರು ಕುಡಿದವನು ಯಾರೂ ಹೇಳದೆ ಎದ್ದು ಕುರಿಗೂ ನೀರು ಕೊಟ್ಟರೆ ನೀನು ಹೂಂ ಎಂದ ಹಾಗೆ, ಕೊಡದಿದ್ದರೆ ಬೇಡ ಎಂದ ಹಾಗೆ. ಹೀಗೆಂದು ದೇವರ ಹತ್ತಿರ ಕರಾರು ಮಾಡಿಕೊಂಡೆ.

ಇಷ್ಟು ದೊಡ್ಡ ವಿಷಯವನ್ನು ಒಬ್ಬಳೇ ಹೊರಲಾಗಲಿಲ್ಲ. ಆರಾಧನೆ ಮುಗಿದ ಮೇಲೆ ಅಮ್ಮನವರೂ ನಾನೂ ಚಹಾದ ಲೋಟ ತೊಳೆಯುತ್ತಿದ್ದಾಗ ಹೇಳಿಬಿಟ್ಟೆ.

"ಯಾರಿಗೂ ಹೇಳಬೇಡಿ ಅಮ್ಮಾವ್ರೆ. ಪ್ರಾರ್ಥನೆ ಮಾಡಿ ಅಷ್ಟೆ."

ಅವರು ನನ್ನ ಒದ್ದೆ ಕೈಯನ್ನು ತಮ್ಮ ಒದ್ದೆ ಕೈಯಲ್ಲಿ ಹಿಡಿದುಕೊಂಡರು. "ಯಾರಿಗ್ ಹೇಳ್ಲವ್ವ. ದೇವ್ರಿಗ್ ಬಿಟ್ರೆ ಇನ್ಯಾರಿಗೂ ಹೇಳಂಗಿಲ್ಲ."

ಸೊರಬದವರು ನನ್ನನ್ನು ನೋಡಲು ಬರುವ ಶನಿವಾರ ಬಿಸಿಲು ಸುಡುತ್ತಿತ್ತು. ಅಪ್ಪ ಒಳಗೆ ಅಂಗಿ ಬದಲಿಸುತ್ತಿದ್ದಾಗ ನಾನು ಹೋಗಿ ಕುರಿಯ ಬಕೆಟ್ಟಿನ ನೀರನ್ನು ನುಗ್ಗೆ ಮರದ ಬುಡಕ್ಕೆ ಚೆಲ್ಲಿದೆ. ಕುರಿ ಬಕೆಟ್ಟಿಗೆ ಮೂತಿ ಹಾಕಿ ನೋಡಿ ನನ್ನ ಕಡೆ ತಿರುಗಿತು. ಒಂದು ಮಧ್ಯಾಹ್ನ ನೀರು ಸಿಗದಿದ್ದರೆ ಕುರಿ ಸಾಯುವುದಿಲ್ಲ ಎಂದುಕೊಂಡು ಒಳಗೆ ಬಂದು ಕೈ ತೊಳೆದೆ.

ತಾಯಿ ಮಗ ಇಬ್ಬರೇ ಬಂದರು. ಒಳಗೆ ಸೆಕೆ ಎಂದು ಅಪ್ಪ ಜಗಲಿಯ ಮೇಲೆ ಕುರ್ಚಿ ಹಾಕಿಸಿದ್ದರು. ಅಲ್ಲಿಂದ ಕುರಿಗೆ ನಾಲ್ಕು ಹೆಜ್ಜೆ, ನಲ್ಲಿಗೆ ಇನ್ನೂ ಹತ್ತಿರ. ನಾನು ಹುಡುಗನಿಗೆ ಸ್ಟೀಲಿನ ಚೊಂಬಿನಲ್ಲಿ ನೀರು ಕೊಟ್ಟೆ. ಅವರು ಪೂರ್ತಿ ಕುಡಿದು, ಚೊಂಬನ್ನು ಕೆಳಗಿಟ್ಟು, ಕುರಿಯನ್ನು ನೋಡಿದರು. ಆಮೇಲೆ ಬಕೆಟ್ಟನ್ನು ನೋಡಿದರು. ಈಗ ಏಳುತ್ತಾರೆ ಎಂದುಕೊಂಡೆ. ಅವರು ಕೈಗಳೆರಡನ್ನೂ ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತರು.

ಅಪ್ಪ ಸರ್ವೆ ಕೆಲಸದ ಬಗ್ಗೆ ಕೇಳಿದರು. ಈಗ ಸರಪಳಿ ಹಿಡಿಯುವುದಿಲ್ಲವಂತೆ, ಎಲ್ಲ ಮಷೀನಂತೆ ಎಂದರು. ಅವರು ಹೌದು ಎಂದು ಎರಡು ಮಾತು ಆಡಿದರು. ಕುರಿ ಒಂದು ಸಲ ಕೂಗಿತು.

"ಪಾಪ, ಬಾಯಾರಿದ ಹಾಗೆ ಕಾಣ್ತದೆ ಅದಕ್ಕೆ" ಎಂದರು ಅವರ ತಾಯಿ. ಹೇಳಿದ್ದು ಕುರಿಯ ವಿಷಯ, ನೋಡಿದ್ದು ಮಗನ ಮುಖ.

ಅಪ್ಪ ಎದ್ದೇಬಿಟ್ಟರು. "ನೀರು ಐತೋ ಇಲ್ವೋ ನೋಡ್ತೀನಿ ತಡೀರಿ."

"ಕೂತ್ಕೊ ಅಪ್ಪ. ಈಗಷ್ಟೇ ಕುಡಿದಿದೆ" ಎಂದೆ. ಮಾತು ನನಗೆ ಗೊತ್ತಿಲ್ಲದೆ ಹೊರಗೆ ಬಿದ್ದಿತ್ತು. ಅಪ್ಪ ಹೋಗಿ ಬಕೆಟ್ ತುಂಬಿಸಿದರೆ ನನ್ನ ಗುರುತು ಹಾಳಾಗುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಆಗ ಹುಡುಗ ತಲೆಯೆತ್ತಿ ನನ್ನನ್ನು ನೋಡಿದರು. ಕತ್ತು, ಕಿವಿ ಕೆಂಪಾಗಿದ್ದವು. ಸಿಟ್ಟೋ ನಾಚಿಕೆಯೋ ತಿಳಿಯಲಿಲ್ಲ.

"ಎದ್ದು ಸ್ವಲ್ಪ ಅಂಗಳ ನೋಡ್ಕೊಂಡು ಬಾರೋ. ಎಷ್ಟು ಹೊತ್ತು ಕೂರ್ತೀಯ" ಎಂದರು ತಾಯಿ.

"ಬೇಡಮ್ಮ."

"ನುಗ್ಗೆ ಮರ ಎಷ್ಟು ಚೆನ್ನಾಗಿದೆ ನೋಡು. ಅಲ್ಲಿ, ಆ ಕುರಿ ಹತ್ರ."

"ಅಮ್ಮ, ಸುಮ್ನಿರು ಅಂದ್ನಲ್ಲ."

ನಾನು ಉಪ್ಪಿಟ್ಟು ತಂದೆ, ಚಹಾ ತಂದೆ, ಪ್ರತಿ ಸಲ ಹೊರಗೆ ಬರುವಾಗಲೂ ಬಕೆಟ್ಟಿನ ಕಡೆ ನೋಡಿದೆ. ಕುರಿ ಕೂಗುತ್ತಲೇ ಇತ್ತು. ಅಷ್ಟು ಹತ್ತಿರದಲ್ಲಿ ಬಾಯಾರಿದ ಪ್ರಾಣಿ ಕೂಗುತ್ತಿದ್ದರೂ ಅಲ್ಲಾಡದೆ ಕೂತ ಮನುಷ್ಯನನ್ನು ನೋಡಿ ನನಗೆ ಒಳಗೊಳಗೇ ಉರಿಯತೊಡಗಿತು.

ನಮ್ಮಲ್ಲಿ ಮನೆಗೆ ಬಂದವರು ಪ್ರಾರ್ಥನೆ ಮಾಡಿ ಏಳುವುದು ರೂಢಿ. ಅಪ್ಪ ಹುಡುಗನಿಗೇ ಮಾಡಲು ಹೇಳಿದರು. ಹೆಣ್ಣಿನ ಮನೆಯಲ್ಲಿ ಮಾಡುವ ಪ್ರಾರ್ಥನೆ ಎಂದರೆ ಗಂಡಿನ ಪರೀಕ್ಷೆ ಇದ್ದ ಹಾಗೆ, ಎಲ್ಲರೂ ಉದ್ದ ಮಾಡುತ್ತಾರೆ. ಇವರು, "ಕರ್ತನೇ, ಈ ಮನೆಯವರಿಗೂ ನಮಗೂ ನಿಜ ಹೇಳುವ ಧೈರ್ಯ ಕೊಡು, ಆಮೆನ್" ಎಂದು ಮುಗಿಸಿದರು. ತಾಯಿಗೆ ಅದು ಸಾಕೆನಿಸಲಿಲ್ಲ, ತಾವೇ ಮುಂದುವರಿಸಿ ನಮ್ಮ ಮನೆ, ಅಪ್ಪನ ಪಿಂಚಣಿ, ನನ್ನ ಕೆಲಸ, ಕೊನೆಗೆ ಮೂಕಪ್ರಾಣಿಗಳನ್ನೂ ಸೇರಿಸಿ ಪ್ರಾರ್ಥಿಸಿದರು. ಗೇಟು ದಾಟುವಾಗ ಆ ತಾಯಿಯ ಕಣ್ಣು ಒದ್ದೆಯಾಗಿತ್ತು.

ಅವರು ತಿರುವು ದಾಟುವುದನ್ನೂ ಕಾಯದೆ ನಾನು ಓಡಿಹೋಗಿ ಬಕೆಟ್ ತುಂಬಿಸಿದೆ. ಕುರಿ ತಲೆ ಎತ್ತದೆ ಕುಡಿಯಿತು. ನೋಡುತ್ತಾ ನಿಂತವಳಿಗೆ ಅಳು ಬಂತು. ದೇವರು ಸ್ಪಷ್ಟವಾಗಿ ಬೇಡ ಎಂದಿದ್ದರು, ಸಂತೋಷ ಆಗಬೇಕಿತ್ತು. ಆಗಲಿಲ್ಲ. ಅವರು ಚೊಂಬು ಕೆಳಗಿಟ್ಟ ರೀತಿ, ಸದ್ದಾಗದ ಹಾಗೆ ಇಟ್ಟದ್ದು, ನನಗೆ ಇಷ್ಟವಾಗಿತ್ತು.

ಅಪ್ಪ ಹಿಂದೆ ಬಂದು ನಿಂತರು. "ಈಗಷ್ಟೇ ಕುಡಿದೈತೆ ಅಂದಿದ್ದಿ?"

ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಇಲ್ಲವಾದರೆ ನಗುತ್ತಾರೆ. ಎರಡೂ ಮಾಡಲಿಲ್ಲ. ಕುರಿಯ ಹಗ್ಗವನ್ನು ನೆರಳಿಗೆ ಸರಿಸಿ ಕಟ್ಟಿದರು.

"ಆ ಕತೇಲಿ ನೀರು ಸೇದಿದ್ದು ಯಾರವ್ವ?"

"ಹುಡುಗಿ."

"ಮತ್ತೆ ನೀನ್ಯಾಕೆ ಕೊಡ್ಲಿಲ್ಲ? ಅದಕ್ಕೆ ಬಾಯಾರಿದ್ದು ಆ ಹುಡುಗಂಗಿಂತ ನಿನಗೇ ಚೆನ್ನಾಗಿ ಗೊತ್ತಿತ್ತಲ್ಲ."

ನನಗೆ ಕೆಟ್ಟ ಕೋಪ ಬಂತು. ಹೊತ್ತು ಗೊತ್ತಿಲ್ಲದೆ ಮಾತಾಡುತ್ತೀಯ ಎಂದು ಅಪ್ಪನ ಮೇಲೆ ರೇಗಿ ಒಳಗೆ ಹೋದೆ. ಅಯ್ಯನವರಿಗೆ ಫೋನ್ ಮಾಡಿ ಬೇಡ ಎಂದು ಹೇಳಿಬಿಡು ಎಂದೆ. ಅಪ್ಪ, ಈ ಭಾನುವಾರ ಅವಸರ ಮಾಡುವುದು ಬೇಡ, ಮುಂದಿನ ಭಾನುವಾರ ನೀನೇ ಹೇಳು ಎಂದರು.

ಆ ಭಾನುವಾರ ಆರಾಧನೆಗೆ ಹೋಗಲಿಲ್ಲ. ವಾರದ ನಡುವೆ, ಊಟದ ಹೊತ್ತಿಗೆ, ಲ್ಯಾಬಿನ ಬೆಂಚಿನ ಮೇಲೆ ಆ ಸರ್ವೆಯವರು ಕೂತಿದ್ದರು. ಪಕ್ಕದಲ್ಲಿ ಮೂತ್ರದ ಡಬ್ಬಿ ಹಿಡಿದುಕೊಂಡ ಮುದುಕಿ, ಜ್ವರದ ಮಗು. ಕೈಯಲ್ಲಿದ್ದ ಟ್ಯೂಬುಗಳನ್ನು ಸ್ಟ್ಯಾಂಡಿನಲ್ಲಿಟ್ಟು ಬಂದೆ.

"ರಕ್ತ ಕೊಡೋಕೆ ಬಂದ್ರಾ?"

"ಇಲ್ಲ. ಐದು ನಿಮಿಷ ಮಾತಾಡಬೇಕಿತ್ತು."

ಹೊರಗೆ ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತೆವು. ಯಂತ್ರದ ಸದ್ದು ಇದ್ದದ್ದರಿಂದ ಇನ್ನೊಬ್ಬರಿಗೆ ಕೇಳುವ ಭಯವಿರಲಿಲ್ಲ. ಆದರೂ ಹಾದುಹೋಗುವವರೆಲ್ಲ ನಮ್ಮನ್ನೇ ನೋಡುತ್ತಿದ್ದಾರೆ ಎನಿಸಿತು.

"ನನಗೆ ಗೊತ್ತಿತ್ತು ರೀ" ಎಂದರು.

"ಏನು?"

"ಕುರಿ. ಬಕೆಟ್ಟು. ನೀವು ಗುರುತು ಇಟ್ಟಿದ್ದು. ಸೊರಬದ ಸ್ತ್ರೀಯರ ಕೂಟದಲ್ಲಿ ಅಮ್ಮಾವ್ರು ಗಟ್ಟಿಯಾಗಿ ಪ್ರಾರ್ಥನೆ ಮಾಡಿದ್ರಂತೆ. ಬರೋ ಗಂಡು ಕುರಿಗೆ ನೀರು ಕೊಡೋ ಹಾಗೆ ಪ್ರೇರೇಪಿಸು ಸ್ವಾಮಿ ಅಂತ. ನಮ್ಮಮ್ಮ ಮುಂದಿನ ಸಾಲಲ್ಲೇ ಕೂತಿದ್ರು. ಬಸ್ಸಲ್ಲಿ ಬರ್ತಾ ದಾರಿ ಉದ್ದಕ್ಕೂ ನನಗೆ ಅದನ್ನೇ ಹೇಳಿಕೊಟ್ರು."

ನನ್ನ ಮುಖಕ್ಕೆ ಬಿಸಿ ನೀರು ಎರಚಿದ ಹಾಗಾಯಿತು. ನಾನು ದೇವರ ಕಿವಿಯಲ್ಲಿ ಹೇಳಿದ್ದಕ್ಕೆ ಸೊರಬದ ಹೆಂಗಸರೆಲ್ಲ ಸೇರಿ ಆಮೆನ್ ಹೇಳಿದ್ದರು. ಅಮ್ಮನವರು ಕೊಟ್ಟ ಮಾತು ತಪ್ಪಿಯೂ ಇರಲಿಲ್ಲ. ದೇವರಿಗೆ ಬಿಟ್ಟರೆ ಇನ್ಯಾರಿಗೂ ಅವರು ಹೇಳಿರಲಿಲ್ಲ.

"ಗೊತ್ತಿದ್ದ ಮೇಲೆ ಎದ್ದು ಕೊಡಬಹುದಿತ್ತಲ್ಲ. ಸುಲಭ ಇತ್ತು."

"ಕೊಟ್ಟಿದ್ರೆ ನೀವು ದೇವರ ಉತ್ತರ ಅಂತ ನಂಬ್ತಿದ್ರಿ. ಜೀವಮಾನ ಪೂರ್ತಿ ನಂಬ್ತಿದ್ರಿ. ಅದು ದೇವರ ಉತ್ತರ ಆಗ್ತಿರಲಿಲ್ಲ, ನಮ್ಮಮ್ಮ ಹೇಳಿಕೊಟ್ಟ ಉತ್ತರ ಆಗ್ತಿತ್ತು. ದೇವರ ರುಜುವನ್ನ ನಾನು ಹಾಕೋಕೆ ಆಗ್ತದಾ?"

"ಹಾಗಾದ್ರೆ ಅಲ್ಲೇ ಹೇಳಬೇಕಿತ್ತು."

"ಹೇಳಬೇಕಿತ್ತು. ನಿಮ್ಮಪ್ಪನ ಎದುರು ಅಮ್ಮನ ಮರ್ಯಾದೆ ಹೋಗ್ತದೆ ಅಂತ ಬಾಯಿ ಬರಲಿಲ್ಲ. ಅದು ನನ್ನ ತಪ್ಪು. ಕುರಿ ಅಷ್ಟು ಕೂಗ್ತಿದ್ರೂ ಕೂತಿದ್ದು ಇನ್ನೊಂದು ತಪ್ಪು. ಸಿಟ್ಟು ಮಾಡ್ಕೋಬೇಡಿ, ಒಂದು ಕೇಳ್ತೀನಿ. ಅದು ಈಗಷ್ಟೇ ಕುಡಿದಿದೆ ಅಂತ ನಿಮ್ಮಪ್ಪಂಗೆ ಯಾಕೆ ಹೇಳಿದ್ರಿ?"

ಕೇಳುವುದಕ್ಕೆ ಇವರು ಯಾರು ಎನಿಸಿತು. ಅಪ್ಪ ಕೇಳಿದ್ದನ್ನೇ ಇವರೂ ಕೇಳುತ್ತಿದ್ದಾರೆ ಎಂದೂ ಅನಿಸಿತು. ಕೆಲಸ ಇದೆ ಎಂದು ತಿರುಗಿದವಳು, ಎರಡು ಹೆಜ್ಜೆ ಹೋಗಿ ನಿಂತೆ. ಬೇರೆಲ್ಲಕ್ಕಿಂತ ನನಗೆ ಬೇಕಾಗಿದ್ದ ಪ್ರಶ್ನೆಯನ್ನು ಇನ್ನೂ ಕೇಳಿರಲಿಲ್ಲ.

"ನನ್ನ ವಿಷಯದಲ್ಲಿ ದೇವರು ನಿಮಗೆ ಏನಾದ್ರೂ ತಿಳಿಸಿದ್ದಾರಾ?"

ಅವರು ಹೌದು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ಲ ರೀ. ಏನೂ ತಿಳಿಸಿಲ್ಲ. ದಿನಾ ಕೇಳ್ತಾ ಇದ್ದೀನಿ. ನಿಮ್ಮನ್ನೂ ಒಂದು ಮಾತು ಕೇಳಬೇಕಲ್ಲ ಅಂತ ಬಂದೆ."

ಸೊರಬದ ಬಸ್ಸು ಹೊರಟಿತ್ತು, ಓಡಿ ಹತ್ತಿದರು.

ಇಷ್ಟಾದ ಮೇಲೆ ನಾನು ಕರಗಿದೆ ಎಂದು ಯಾರೂ ತಿಳಿಯಬಾರದು. ನನ್ನ ಸ್ವಭಾವ ಅಂಥದ್ದಲ್ಲ. ಸಂಜೆಯಾಗುವ ಹೊತ್ತಿಗೆ ಹೊಸ ಸಂಶಯ ಶುರುವಾಗಿತ್ತು. ಶಿವಮೊಗ್ಗದವನೂ ಒಮ್ಮೆ ತನ್ನ ತಪ್ಪುಗಳನ್ನೆಲ್ಲ ನನ್ನ ಮುಂದೆ ಹೇಳಿಕೊಂಡು ಅತ್ತಿದ್ದ. ಆ ದಿನ ಅವನ ಮೇಲೆ ನನಗೆ ಎಲ್ಲಿಲ್ಲದ ಗೌರವ ಬಂದಿತ್ತು. ತಪ್ಪು ಒಪ್ಪಿಕೊಳ್ಳುವುದೂ ಒಂದು ಕಲೆಯೇ ಆಗಿರಬಹುದು. ಇವರು ಅವನಿಗಿಂತ ಜಾಣರಿರಬಹುದು. ದೇವರನ್ನು ಇನ್ನೊಂದು ಗುರುತು ಕೇಳೋಣ ಎಂದರೆ ನಾಚಿಕೆಯಾಯಿತು. ಪ್ರಾರ್ಥನೆಗೆ ಕೂತರೆ ಕುರಿ ಬಕೆಟ್ಟಿಗೆ ಮೂತಿ ಹಾಕಿ ನನ್ನ ಕಡೆ ತಿರುಗಿದ್ದೇ ಕಣ್ಣಿಗೆ ಬರುತ್ತಿತ್ತು. ಭಾನುವಾರ ಹತ್ತಿರ ಬರುತ್ತಿತ್ತು. ಬೇಡ ಎಂದು ಹೇಳಿ ಒಳ್ಳೆಯವನನ್ನು ಕಳೆದುಕೊಂಡರೆ ಎಂಬ ಭಯ ಒಂದು ಕಡೆ, ಹೂಂ ಎಂದು ಹೇಳಿ ಮತ್ತೆ ಅದೇ ಬಲೆಗೆ ಬಿದ್ದರೆ ಎಂಬ ಭಯ ಇನ್ನೊಂದು ಕಡೆ.

ಕೊನೆಗೆ ನನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದೆ. ಲ್ಯಾಬಿಗೆ ಸೊರಬದ ಕಡೆಯವರು ಯಾರೇ ಬರಲಿ, ತೋಳಿಗೆ ಪಟ್ಟಿ ಕಟ್ಟುವಾಗ ಸರ್ವೆಯವರ ಬಗ್ಗೆ ಕೇಳತೊಡಗಿದೆ. ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಶನಿವಾರ ಆನವಟ್ಟಿ ಕಡೆಯ ರೈತರೊಬ್ಬರು ಸಕ್ಕರೆ ಪರೀಕ್ಷೆಗೆ ಬಂದಿದ್ದರು. ಸೂಜಿ ಒಳಗೆ ಹೋಗುತ್ತಿದ್ದ ಹಾಗೆ ಕೇಳಿದೆ.

"ಅವನ ಸುದ್ದಿ ತಗೀಬ್ಯಾಡ ತಂಗಿ" ಎಂದರು. ನನ್ನ ಕೈ ಅಲ್ಲೇ ನಿಂತಿತು.

"ಯಾಕ್ರೀ, ಏನು ಮಾಡಿದ್ರು?"

"ಏನೂ ಮಾಡ್ಲಿಲ್ಲ, ಅದಾ ನನ್ನ ಸಿಟ್ಟು. ನಮ್ಮಣ್ಣನ ಹೊಲಕ್ಕೂ ನನ್ನ ಹೊಲಕ್ಕೂ ಬದುವಿನ ತಕರಾರು. ಕಲ್ಲು ಒಂದೀಟು ಆ ಕಡಿ ಹಾಕಪ್ಪ, ಅಣ್ಣಗ ಕಣ್ಣೂ ಕಾಣಂಗಿಲ್ಲ, ಕೇಳೋರೂ ಯಾರಿಲ್ಲ ಅಂದೆ. ಅಷ್ಟಕ್ಕಾ ಮಾರಿ ತಿರುವಿದ. ಬಿಸಲಾಗ ಬಂದಾನ ಅಂತ ಚಾ ಮಾಡಿಸಿದ್ರ ನನ್ನ ಮನ್ಯಾಗ ಚಾನೂ ಕುಡೀಲಿಲ್ಲ."

"ನಿಮ್ಮಣ್ಣನ ಮನೇಲಿ ಕುಡಿದ್ರಾ?"

"ಅಲ್ಲೂ ಕುಡೀಲಿಲ್ಲ. ಬಗ್ಗಂಗಿಲ್ಲ ಆ ಮನುಷ್ಯ. ಅಂಥವನ ಕೂಡ ಹ್ಯಾಂಗ ಬಾಳೇ ಮಾಡ್ತಾರೋ ಮನಿಯವ್ರು." ಆಮೇಲೆ ತೋಳು ನೋಡಿಕೊಂಡು, "ಎಷ್ಟು ಒತ್ತೀಯವ್ವ, ಬಿಡು" ಎಂದರು. ಹತ್ತಿಯನ್ನು ನಾನು ಬಹಳ ಹೊತ್ತಿನಿಂದ ಒತ್ತಿ ಹಿಡಿದಿದ್ದೆ.

ಮಾರನೆಯ ದಿನ ಆರಾಧನೆ ಮುಗಿದ ಮೇಲೆ ಅಯ್ಯನವರು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. ಹುಡುಗನಿಗೆ ಬೇರೆ ಕಡೆಯಿಂದಲೂ ಕೇಳುತ್ತಿದ್ದಾರೆ, ಇನ್ನು ಎಳೆಯುವುದು ಚೆನ್ನಾಗಿರುವುದಿಲ್ಲ ಎಂದರು. ಇವತ್ತು ಸಂಜೆ ಸೊರಬಕ್ಕೆ ಬಂದು ಅಲ್ಲೇ ಹೇಳುತ್ತೇನೆ ಎಂದೆ. ಅವರಿಗೆ ಆಶ್ಚರ್ಯವಾಯಿತು. ನನ್ನ ಗುಟ್ಟು ರಟ್ಟಾದದ್ದು ಅಲ್ಲಿ, ಅಮ್ಮನವರಿಗೆ ಅಲ್ಲೇ ನಾಲ್ಕು ಮಾತು ಆಡಬೇಕು ಎಂಬ ಸಿಟ್ಟೂ ನನ್ನಲ್ಲಿತ್ತು. ಅಪ್ಪನೂ ನಾನೂ ಬಸ್ ಹತ್ತಿದೆವು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಅಪ್ಪ ಬಾಳೆಹಣ್ಣು ಕೊಂಡರು.

"ಏನು ಹೇಳ್ತೀಯವ್ವ?" ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಸೊರಬದ ದೇವಾಲಯ ಚಿಕ್ಕದು, ಹಂಚಿನ ಮಾಡು. ಸರ್ವೆಯವರು ಎದುರಿನ ಸಾಲಿನಲ್ಲಿ ಕೂತಿದ್ದರು, ನನ್ನ ಕಡೆ ತಿರುಗಲಿಲ್ಲ. ಆರಾಧನೆಯ ನಂತರ ಗಂಡಸರು ಬೆಂಚುಗಳನ್ನು ಒಂದು ಕಡೆ ಸರಿಸಿ ಹೊರಗೆ ಹೋದರು, ಹೆಂಗಸರು ಚಾಪೆ ಹಾಸಿಕೊಂಡು ಕೂತರು. ಎರಡು ಹಾಡು ಆದ ಮೇಲೆ ಅಮ್ಮನವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ, ಬರೀ ಪ್ರೀತಿ ಇತ್ತು.

"ನಮ್ಮ ಸಹೋದರಿ ಶಿಕಾರಿಪುರದಿಂದ ಬಂದಾಳೆ. ಆ ಗುರುತಿನ ವಿಷಯಕ್ಕೆ ನಾವೆಲ್ಲ ಪ್ರಾರ್ಥನೆ ಮಾಡಿದ್ವಲ್ಲ, ದೇವ್ರು ಏನು ಮಾಡಿದ ಅಂತ ಸಾಕ್ಷಿ ಹೇಳ್ಲಿ."

ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು. ಎದ್ದು ನಿಂತೆ. ಆಡಬೇಕೆಂದಿದ್ದ ನಾಲ್ಕು ಮಾತುಗಳು ನಾಲಿಗೆಯ ತುದಿಯಲ್ಲಿದ್ದವು. ಆಗ ಮುಂದಿನ ಸಾಲಿನಲ್ಲಿ ಕೂತ ಸರ್ವೆಯವರ ತಾಯಿಯನ್ನು ನೋಡಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಮಗ ಹಟ ಮಾಡಿ ಎಲ್ಲವನ್ನೂ ಕೆಡಿಸಿದ, ಈಗ ಊರ ಮುಂದೆ ಅದನ್ನು ಕೇಳಿಸಿಕೊಳ್ಳಬೇಕು ಎಂಬುದು ಅವರ ಮುಖದ ಮೇಲೇ ಇತ್ತು. ಕಿಟಕಿಯ ಆಚೆ ಮಗ ನಮ್ಮಪ್ಪನ ಜೊತೆ ನಿಂತಿದ್ದರು. ಅಪ್ಪ ಏನೋ ಹೇಳುತ್ತಿದ್ದರು, ಅವರು ತಲೆ ಬಗ್ಗಿಸಿ ಕೇಳುತ್ತಿದ್ದರು, ಕೈಯಲ್ಲಿ ಅಪ್ಪ ಕೊಟ್ಟ ಬಾಳೆಹಣ್ಣು ಇತ್ತು. ನನಗೆ ಬೇಕಾದದ್ದು ಏನೆಂದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಯಾವ ದನಿಯೂ ಕೇಳಿಸಲಿಲ್ಲ, ಮೈ ಜುಮ್ಮೆನ್ನಲೂ ಇಲ್ಲ. ಭಯ ಪೂರ್ತಿ ಹೋಗಿತ್ತೆಂದೂ ಹೇಳಲಾರೆ.

"ಅವರು ಕುರಿಗೆ ನೀರು ಕೊಡಲಿಲ್ಲ" ಎಂದೆ.

ಯಾರೋ ಲೊಚಗುಟ್ಟಿದರು. ಅವರ ತಾಯಿ ತಲೆ ತಗ್ಗಿಸಿದರು.

"ಕೊಡಬೇಕು ಅಂತ ಅವರಿಗೆ ಗೊತ್ತಿತ್ತು. ಇಲ್ಲಿಂದಲೇ ಗೊತ್ತಾಗಿತ್ತು." ಅಮ್ಮನವರ ಮುಖದ ಬಣ್ಣ ಇಳಿಯಿತು, ನಾನು ಅವರ ಕಡೆ ನೋಡುವುದನ್ನು ಬಿಟ್ಟೆ. "ಗೊತ್ತಿದ್ದೂ ಕೊಡಲಿಲ್ಲ. ಅದಕ್ಕೇ ನಾನು ಒಪ್ಪಿಕೊಂಡಿದ್ದೀನಿ."

ಸಾಕ್ಷಿ ಮುಗಿದಾಗ ಹೇಳುವ ಹಾಗೆ ಸ್ತೋತ್ರ ಎನ್ನಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಾಕೆ, "ಹಂಗಾದ್ರೆ ಗುರುತು ಆಯ್ತಾ, ಇಲ್ವಾ?" ಎಂದು ಪಕ್ಕದವರನ್ನು ಕೇಳಿದಳು. ಅಮ್ಮನವರು ಪ್ರಾರ್ಥನೆಗೆಂದು ಕಣ್ಣು ಮುಚ್ಚಿದವರು ಮಾತು ಸಿಗದೆ ಮತ್ತೆ ತೆರೆದರು.

ಹುಡುಗನ ತಾಯಿ ಮಾತ್ರ ನನ್ನನ್ನೇ ನೋಡುತ್ತಿದ್ದರು. ನಾನು ಹೇಳಿದ್ದು ಅವರಿಗೆ ಅರ್ಥವಾಗಿತ್ತೋ ಇಲ್ಲವೋ. ಅವರ ಮನಸ್ಸಿನಲ್ಲಿ ಆ ಮಧ್ಯಾಹ್ನದಿಂದ ಕೊರೆಯುತ್ತಿದ್ದದ್ದು ಬೇರೆಯೇ ಇತ್ತು.

"ಮತ್ತೆ ಆ ಕುರಿಗೆ ಯಾರು ಕೊಟ್ರು ಮಗಾ ನೀರು?" ಎಂದು ಮೆಲ್ಲಗೆ ಕೇಳಿದರು.

"ನಾನೇ ಕೊಟ್ಟೆ ಅತ್ತೆ" ಎಂದೆ.